ಒಂದು ಕೆಜಿಯೂ ಸೇರಿಸಬೇಡ

ಜನವರಿ 6

ಪ್ರೀತಿಯ ಕಡ್ಡಿಗೆ,

ನನ್ನ ತೂಕ ನೂರ ಇಪ್ಪತ್ತೆಂಟು ಕೆಜಿ. ಹೇಗೂ ಕೊನೆಗೆ ನೀನು ಅದನ್ನೇ ಕೇಳುತ್ತೀಯ, ಅದಕ್ಕೇ ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಇವತ್ತು ಬೆಳಿಗ್ಗೆ ನಾನೇ ರಿಪೇರಿ ಮಾಡಿದ ಯಂತ್ರದ ಮೇಲೆ ನಿಂತು ನೋಡಿದ ತೂಕ ಇದು. ತೂಕದ ಯಂತ್ರ ರಿಪೇರಿ ಮಾಡಿ ಹೊಟ್ಟೆ ಹೊರೆಯುವವಳು ತನ್ನ ತೂಕದಲ್ಲೇ ಸುಳ್ಳು ಹೇಳಿದರೆ ಅಂಗಡಿಗೆ ಬೀಗ ಹಾಕಬೇಕಾಗುತ್ತದೆ.

ಫೋನ್ ಬಿಟ್ಟು ಪತ್ರ ಏಕೆ ಅಂದರೆ, ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ "ಅಕ್ಕಾ, ಗಿರಾಕಿ ಬಂದ್ರು, ಆಮೇಲ್ ಮಾಡ್ತೀನಿ" ಅಂತ ಇಟ್ಟುಬಿಡುತ್ತೀಯ. ಆ ಆಮೇಲೆ ಇನ್ನೂ ಬಂದಿಲ್ಲ. ಮುಖ ನೋಡಿಕೊಂಡು ಮಾತಾಡೋಣ ಅಂದರೆ ನಿನ್ನ ಫೋನಿನ ಕ್ಯಾಮೆರಾ ಕೆಟ್ಟು ಎಷ್ಟೋ ಕಾಲವಾಯಿತು. ಪತ್ರದ ಮಧ್ಯೆ ಯಾವ ಗಿರಾಕಿಯೂ ಬರಲಾರ.

ವಿಷಯಕ್ಕೆ ಬರುತ್ತೇನೆ. ಈ ವರ್ಷ ನಾನು ಗೋಪುರದ ಗುಡ್ಡ ಹತ್ತುತ್ತೇನೆ. ನೀನು ಪ್ರತಿ ಸಲ ಎಲ್ಲರಿಗಿಂತ ಮೊದಲು ಹತ್ತುತ್ತಿದ್ದ, ನಾನು ಪ್ರತಿ ಸಲ ಎಲ್ಲರಿಗಿಂತ ಕೊನೆಗೆ ಹತ್ತುತ್ತಿದ್ದ ಅದೇ ಗುಡ್ಡ. ಹೋದ ವರ್ಷ ಮಂಡಿ ಆಪರೇಷನ್ ಆಗಿ ಮನೆಯಲ್ಲಿ ಕೂತಿದ್ದೆ. ಈಗ ಮಂಡಿ ವಾಸಿಯಾಗಿದೆ, ಡಾಕ್ಟರೇ ಸೈಕಲ್ ತುಳಿಯಿರಿ ಅಂದಿದ್ದಾರೆ. ಅಡ್ಡ ಬಂದಿರುವುದು ಸೈಕಲ್ ಸಂಘ.

ಹೋದ ವರ್ಷ ಅರ್ಧ ಗುಡ್ಡದಲ್ಲಿ ಒಬ್ಬ ಕುಸಿದು ಬಿದ್ದನಂತೆ. ಬಿದ್ದವನು ಗಾಳಿ ಬಂದರೆ ಹಾರಿಹೋಗುವಂಥ ಆಸಾಮಿ. ನಿಯಮ ಬಂದು ಕೂತದ್ದು ಮಾತ್ರ ನನ್ನಂಥವರ ತಲೆಯ ಮೇಲೆ. ಇನ್ನು ಮುಂದೆ ಗುಡ್ಡ ಹತ್ತುವವರೆಲ್ಲ ಮೊದಲು ಸಂಘದ ಹಾಲಿನಲ್ಲಿ, ಸಮಿತಿಯ ಎದುರಿಗೆ, ಟ್ರೈನರ್ ಮೇಲೆ ಒಂದು ಗಂಟೆ ನಿಲ್ಲಿಸದೆ ತುಳಿದು ತೋರಿಸಬೇಕು. ಟ್ರೈನರ್ ಅಂದರೆ ಏನು ಅಂತ ನಿನ್ನ ಭಾವ ಕೇಳಿದರು. ಸೈಕಲ್ಲನ್ನು ಅಲ್ಲಾಡದಂತೆ ಹಿಡಿದುಕೊಳ್ಳುವ ಸ್ಟ್ಯಾಂಡು, ಎಷ್ಟೇ ತುಳಿದರೂ ಇದ್ದಲ್ಲೇ ಇರುತ್ತೇವೆ ಅಂದೆ. "ನಮ್ಮ ಆಫೀಸಿನ ಥರ" ಅಂದರು.

ಸಂಘದ ಟ್ರೈನರ್ ಮೇಲೆ ಒಂದು ಚೀಟಿ ಅಂಟಿಸಿದೆ: ನೂರು ಕೆಜಿಗಿಂತ ಹೆಚ್ಚು ತೂಕದವರು ಹತ್ತಬಾರದು. ಕಾರ್ಯದರ್ಶಿ ಗೊತ್ತಲ್ಲ, ಆ ಹಲ್ಲಿನ ಡಾಕ್ಟರು, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಹೇಳಿದರು. "ನಿಮ್ಮನ್ನ ಬೇಡ ಅನ್ನೋಕೆ ನಾವ್ಯಾರು ಮೇಡಂ? ಮಿಷನ್ನು ಒಪ್ಪಲ್ಲ. ಪರೀಕ್ಷೆ ಇಲ್ದೆ ನಿಯಮ ಒಪ್ಪಲ್ಲ. ಈ ಸಲ ವ್ಯಾನಲ್ಲಿ ಕೂತ್ಕೊಂಡು ನೀರು ಹಂಚಿ. ಅದೂ ಸೇವೆನೇ ಅಲ್ವಾ?"

"ನಿಮ್ಮ ಮಿಷನ್ನು ಒಪ್ಪದಿದ್ರೆ ನಂದು ತರ್ತೀನಿ. ತರಬಾರ್ದು ಅಂತ ನಿಯಮ ಇದೆಯಾ?" ಅಂದೆ. ಅವರು ಹಾಳೆ ತಿರುವಿ ತಿರುವಿ ನೋಡಿದರು. ಅಂಥ ನಿಯಮ ಇರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಹಾಸಿಗೆಯೇ ಗಿಡ್ಡವಾಗಿದ್ದರೆ ಕಾಲು ಕತ್ತರಿಸಿಕೊಳ್ಳಲಾ? ಬೇರೆ ಹಾಸಿಗೆ ತರುತ್ತೇನೆ. ಪರೀಕ್ಷೆ ಏಪ್ರಿಲ್‌ನಲ್ಲಿ, ಗುಡ್ಡ ಮೇ ತಿಂಗಳಲ್ಲಿ. ನನ್ನಂಥವಳನ್ನು ಹೊರುವ ಟ್ರೈನರ್ ಯಾವುದು, ಕಡ್ಡಿ ಮುರಿದ ಹಾಗೆ ಹೇಳು. ಸೈಕಲ್ ಅಂಗಡಿ ಇಟ್ಟ ತಮ್ಮ ಇರುವಾಗ ಬೇರೆಯವರನ್ನು ಕೇಳಿದರೆ ನನ್ನ ಮಾನ ಹೋಗುತ್ತದೆ. ಮತ್ತೆ, ಈ ಸಲವಾದರೂ ಬಾ. ನೀನು ಗುಡ್ಡಕ್ಕೆ ಬಂದು ಮೂರು ವರ್ಷವಾಯಿತು.

ನಿನ್ನ ಅಕ್ಕ


ಜನವರಿ 19

ಅಕ್ಕನಿಗೆ,

ಪತ್ರ ತಲುಪಿತು. ಮಂಡಿ ವಾಸಿಯಾಗಿದ್ದು ಓದಿ ಸಮಾಧಾನವಾಯಿತು. ಭಾವನಿಗೆ ನನ್ನ ನಮಸ್ಕಾರ ಹೇಳು.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಗಿರಾಕಿ ತನ್ನ ತೂಕ ಎಷ್ಟೇ ಹೇಳಲಿ, ಅದಕ್ಕೆ ಹದಿನೈದು ಕೆಜಿ ಸೇರಿಸಿಕೊಂಡೇ ನಾನು ಸಾಮಾನು ಕೊಡುವುದು. ದಪ್ಪಗಿರುವವರು ಯಾರೂ ನಿಜ ಹೇಳುವುದಿಲ್ಲ. ತೂಕ ಒಂದೇ ಅಲ್ಲ, ಎಲ್ಲಿ ನೋಯುತ್ತದೆ, ಎಲ್ಲಿ ಒತ್ತುತ್ತದೆ ಅಂತ ಕೇಳಿದರೂ ಬಾಯಿ ಬಿಡುವುದಿಲ್ಲ. ಎಲ್ಲ ಸರಿಯಾಗಿದೆ ಅನ್ನುತ್ತಾರೆ, ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಆದ್ದರಿಂದ ನಿನ್ನದನ್ನು ನೂರ ನಲವತ್ತಮೂರು ಅಂತ ಹಿಡಿದಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ಟ್ರೈನರ್‌ನಲ್ಲಿ ಮೂರು ಥರ. ನೆಲದ ಮೇಲೆ ಮೂರು ಉರುಳೆ ಇಟ್ಟು, ಅದರ ಮೇಲೆ ಸೈಕಲ್ಲನ್ನು ಹಾಗೇ ಬಿಟ್ಟು ತುಳಿಯುವುದು ಒಂದು. ಅದು ಸರ್ಕಸ್ಸು, ಅದನ್ನು ಮರೆತುಬಿಡು. ಇನ್ನೊಂದರಲ್ಲಿ ಹಿಂದಿನ ಚಕ್ರ ಸೈಕಲ್ಲಿನಲ್ಲೇ ಇದ್ದು ಒಂದು ರೋಲರಿಗೆ ಒತ್ತಿಕೊಂಡು ತಿರುಗುತ್ತದೆ. ಅಗ್ಗ, ಆದರೆ ಭಾರ ಬಿದ್ದಾಗ ಟೈರು ಜಾರುತ್ತದೆ, ಕಾಯುತ್ತದೆ, ಬೇಗ ಸವೆಯುತ್ತದೆ. ಮೂರನೆಯದರಲ್ಲಿ ಹಿಂದಿನ ಚಕ್ರವನ್ನೇ ಬಿಚ್ಚಿ ತೆಗೆದು, ಸೈಕಲ್ಲನ್ನು ನೇರವಾಗಿ ಯಂತ್ರಕ್ಕೆ ಕೂರಿಸುತ್ತಾರೆ. ನಿನಗೆ ಅದೇ ಆಗಬೇಕು. ಕಾಲುಗಳು ಅಗಲಕ್ಕೆ ಚಾಚಿರಬೇಕು, ಯಂತ್ರವೇ ಭಾರವಾಗಿರಬೇಕು. ಪೆಟ್ಟಿಗೆಯ ಮೇಲಿನ ಅಂಕಿ ಸವಾರನದು ಮಾತ್ರವೋ ಸೈಕಲ್ಲನ್ನೂ ಸೇರಿಸಿಯೋ, ಅದನ್ನು ಕೇಳಿಯೇ ಕೊಳ್ಳಬೇಕು.

ಆದರೂ ಒಂದು ಮಾತು. ವ್ಯಾನ್ ಏನೂ ಕೆಟ್ಟದ್ದಲ್ಲ. ಸಂಘದವರ ಜೊತೆ ಹಠ ಹಿಡಿದು ಕಡ್ಡೀನ ಗುಡ್ಡ ಮಾಡಬೇಡ. ಟ್ರೈನರ್ ಇದ್ದರೆ ಮನೆಯಲ್ಲೇ ಬಾಗಿಲು ಹಾಕಿಕೊಂಡು ತುಳಿಯಬಹುದು. ಯಾರೂ ನೋಡುವುದಿಲ್ಲ, ಯಾರೂ ಏನೂ ಅನ್ನುವುದಿಲ್ಲ. ಅದೇ ಸುಖ.

ನಾನು ಬರುವುದು ಕಷ್ಟ. ಅಂಗಡಿ ನೋಡಿಕೊಳ್ಳುವವರಿಲ್ಲ.

ನಿನ್ನ ತಮ್ಮ


ಜನವರಿ 25

ಏನಯ್ಯಾ ಕಡ್ಡಿ,

ಹದಿನೈದು ಕೆಜಿ! ನನ್ನ ತೂಕಕ್ಕೆ! ಊರಿನ ಎಲ್ಲ ಅಂಗಡಿಯವರ ತಕ್ಕಡಿ ಸರಿ ಇದೆಯೋ ಇಲ್ಲವೋ ಅಂತ ನಾನು ಹೇಳಿದ ಮೇಲೆ ಜನ ನಂಬುತ್ತಾರೆ, ನನ್ನ ಒಡಹುಟ್ಟಿದವನು ನಂಬುವುದಿಲ್ಲ. ನೂರ ಇಪ್ಪತ್ತೆಂಟು. ಒಂದು ಕೆಜಿಯೂ ಸೇರಿಸಬೇಡ, ಒಂದು ಕೆಜಿಯೂ ಕಳೆಯಬೇಡ. ಇಷ್ಟು ತೂಕ ಇಟ್ಟುಕೊಂಡೇ ಆ ಗುಡ್ಡವನ್ನು ಹತ್ತಿದ್ದೇನೆ. ನೀವೆಲ್ಲ ಮೇಲೆ ಕೂತು ಚಹಾ ಕುಡಿದು ಲೋಟ ತೊಳೆದಿಟ್ಟ ಮೇಲೆ ಬಂದಿರಬಹುದು. ಆದರೆ ಬಂದಿದ್ದೇನೆ, ತಳ್ಳಿಕೊಂಡಲ್ಲ, ತುಳಿದುಕೊಂಡು.

ನೀನು ಹೇಳಿದ ಮೂರನೆಯ ಥರದ್ದನ್ನು ನೋಡೋಣ ಅಂತ ಪೇಟೆಯ ದೊಡ್ಡ ಕ್ರೀಡಾ ಸಾಮಾನಿನ ಅಂಗಡಿಗೆ ಹೋಗಿದ್ದೆ. ಟ್ರೈನರ್ ತೋರಿಸಿ ಅಂದರೆ ಅಲ್ಲಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಯಾರಿಗೋ ಸಾವಿನ ಸುದ್ದಿ ಹೇಳುವ ದನಿಯಲ್ಲಿ, "ಯಾರಿಗೆ ಮೇಡಂ?" ಅಂದ. "ನನಗೇ" ಅಂದೆ. ಹೊಟ್ಟೆ ಕರಗಿಸುವ ಬೆಲ್ಟು ತಂದಿಟ್ಟ. "ಇದು ಸೊಂಟಕ್ಕೆ ಕಟ್ಕೊಳ್ಳೋದು. ನಾನು ಕೇಳಿದ್ದು ತುಳಿಯೋದು" ಅಂದೆ. ಪುಸ್ತಕ ಓದುತ್ತಾ ನಿಂತಲ್ಲೇ ನಡೆಯಬಹುದಾದ ಮಿಷನ್ ತೋರಿಸಿದ. ಕೊನೆಗೆ ನಾನೇ ಹೋಗಿ, ಮೂಲೆಯಲ್ಲಿ ಸೈಕಲ್ ಕೂರಿಸಿಟ್ಟಿದ್ದ ಟ್ರೈನರ್ ಹತ್ತಿ ಕೂತೆ. "ಮೇಡಂ ಮೇಡಂ, ಅದು ತೋರ್ಸೋಕೆ ಇಟ್ಟಿರೋದು!" ಅಂತ ಓಡಿ ಬಂದ. "ತೋರಿಸ್ತಾ ಇದೀನಲ್ಲಪ್ಪಾ" ಅಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನನ್ನನ್ನು ನೋಡಿ ಅಲ್ಲ, ಅವನನ್ನು ನೋಡಿ.

ಆದರೆ ಅದು ನನ್ನನ್ನು ಹೊರಲಿಲ್ಲ, ನಿಜ. ಎರಡು ಸುತ್ತು ತುಳಿಯುವಷ್ಟರಲ್ಲಿ ಪಕ್ಕಕ್ಕೆ ವಾಲಿತು. ಇಳಿದುಬಿಟ್ಟೆ. ಹಠ ಇದೆ, ಹುಚ್ಚಿಲ್ಲ.

ಇನ್ನು ನಿನ್ನ ಬಾಗಿಲು ಹಾಕಿಕೊಳ್ಳುವ ಸುಖದ ಬಗ್ಗೆ. ಟ್ರೈನರ್ ಬಂದ ದಿನವೇ ಅಂಗಡಿಯ ಮುಂದಿನ ಗಾಜಿನ ಹಿಂದೆ ಇಡುತ್ತೇನೆ, ಬೀದಿಗೆ ಎದುರಾಗಿ. ಸಂಜೆ ಕೆಲಸ ಮುಗಿಸಿ ಅಲ್ಲೇ ತುಳಿಯುತ್ತೇನೆ. ನೋಡುವವರು ನೋಡಲಿ. ಯಾರೂ ನೋಡಬಾರದು ಅಂತ ಬದುಕುವುದಕ್ಕೆ ನಾನೇನು ಕಳ್ಳಿಯಾ?

ಮತ್ತೆ ಇದೇನು ಹೊಸದು, "ನಿನ್ನ ತಮ್ಮ" ಅಂತ ಸಹಿ? ಬರೆಯಲು ಕಲಿತಾಗಿನಿಂದ ನೀನು ಕಡ್ಡಿ ಅಂತಲೇ ಸಹಿ ಹಾಕುತ್ತಿದ್ದೆ. ಅಂಗಡಿ ದೊಡ್ಡದಾಯಿತು ಅಂತ ಮರ್ಯಾದೆಯೂ ದೊಡ್ಡದಾಯಿತೋ?

ಅಕ್ಕ


ಫೆಬ್ರವರಿ 8

ಅಕ್ಕನಿಗೆ,

ಪೇಟೆಯ ಅಂಗಡಿಯಲ್ಲಿ ಕೊಳ್ಳಬೇಡ. ನಾನೇ ಒಂದನ್ನು ಲಾರಿಯಲ್ಲಿ ಕಳಿಸುತ್ತೇನೆ. ಅದು ನೂರ ಅರವತ್ತರವರೆಗೂ ಹೊರುತ್ತದೆ. ಅದನ್ನು ಉಪಯೋಗಿಸುವ ಮೊದಲು ಈ ವಿಷಯಗಳು ನಿನಗೆ ಗೊತ್ತಿರಬೇಕು. ನಮ್ಮಲ್ಲಿ ಒಬ್ಬ ಗಿರಾಕಿ ಇದ್ದಾನೆ, ದಪ್ಪಗಿರುವವನು, ಅವನ ಅನುಭವದಿಂದ ಹೇಳುತ್ತಿದ್ದೇನೆ.

ಪೆಟ್ಟಿಗೆಯ ಮೇಲಿನ ಅಂಕಿ ಕೂತು ಸಮನಾಗಿ ತುಳಿಯುವವರಿಗೆ. ಪೆಡಲ್ ಮೇಲೆ ಎದ್ದು ನಿಂತ ಕೂಡಲೇ ಭಾರವೆಲ್ಲ ಒಂದೊಂದು ಕಡೆಗೆ ಬೀಳುತ್ತದೆ. ಎದ್ದು ನಿಲ್ಲಬೇಡ. ಅವನು ಹಾಗೆ ನಿಂತೇ ಯಂತ್ರದ ಎಡಗಾಲಿನ ಪಟ್ಟಿ ಬಗ್ಗಿತು. ಆಮೇಲೆ ಒಂದು ತಗಡು ಇಟ್ಟು ಬೆಸುಗೆ ಹಾಕಿ ಗಟ್ಟಿ ಮಾಡಿದ್ದು.

ಹ್ಯಾಂಡಲ್ ಎತ್ತರಿಸಿಕೋ. ತಗ್ಗಿನಲ್ಲಿದ್ದರೆ ಪ್ರತಿ ಸುತ್ತಿಗೂ ತೊಡೆ ಹೊಟ್ಟೆಗೆ ಬಡಿಯುತ್ತದೆ, ಉಸಿರು ಪೂರ್ತಿ ಎಳೆದುಕೊಳ್ಳಲು ಆಗುವುದಿಲ್ಲ. ಆಗ ಮಂಡಿ ತಾನಾಗಿ ಹೊರಗೆ ಹೋಗುತ್ತದೆ, ರಾತ್ರಿಯೆಲ್ಲ ನೋಯುತ್ತದೆ. ದಣಿವು ಅಂದುಕೊಳ್ಳುತ್ತೇವೆ, ಅದು ದಣಿವಲ್ಲ. ಅಂಗೈ ಮೊದಲು ಜೋಮು ಹಿಡಿಯುತ್ತದೆ, ಆಗಾಗ ಕೈ ತೆಗೆದು ಒದರಬೇಕು. ಬಯಲಲ್ಲಿ ಗಾಳಿ ಬೆವರು ಆರಿಸುತ್ತದೆ, ಒಳಗೆ ಆರಿಸುವವರಿಲ್ಲ. ಬೆವರು ಸೋರಿ ಹ್ಯಾಂಡಲಿನ ಬೋಲ್ಟು ತುಕ್ಕು ಹಿಡಿಯುತ್ತದೆ. ದೊಡ್ಡ ಫ್ಯಾನು ಇಟ್ಟುಕೋ, ಟವೆಲ್ ಹಾಸಿಕೋ. ಮೆತ್ತಗಿನ ದಪ್ಪ ಸೀಟು ಹಾಕಿಸಿಕೊಳ್ಳಬೇಡ. ಮೊದಲು ಸುಖ ಅನಿಸುತ್ತದೆ, ಆಮೇಲೆ ಅದೇ ಉಜ್ಜಿ ಹುಣ್ಣು ಮಾಡುತ್ತದೆ. ಗಟ್ಟಿ, ಅಗಲದ್ದು ಹಾಕಿಸು.

ಮೊದಮೊದಲು ಎದೆ ಬಡಿದುಕೊಳ್ಳುವ ಸದ್ದು ಕೇಳಿ ಭಯವಾಗುತ್ತದೆ. ರಸ್ತೆಯಲ್ಲಾದರೆ ಬೇರೆ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಗೋದಾಮಿನಂಥ ಕೋಣೆಯಲ್ಲಿ ಅದೊಂದೇ ಸದ್ದು.

ಗಾಜಿನ ಹಿಂದೆ ಮಾತ್ರ ಇಡಬೇಡ ಅಕ್ಕ, ಕೈಮುಗಿಯುತ್ತೇನೆ. ಜನ ಎಂಥವರು ಅಂತ ನಿನಗೆ ಗೊತ್ತಿಲ್ಲ. ನಗುತ್ತಾರೆ.

ತಮ್ಮ


ಫೆಬ್ರವರಿ 27

ತಮ್ಮನವರಿಗೆ,

ಪೆಟ್ಟಿಗೆ ಬಂತು. ಲಾರಿಯವರು ಇಬ್ಬರು ಸೇರಿ ಇಳಿಸಿದರು, ಬೈದುಕೊಂಡೇ.

ಬಿಚ್ಚಿ ನೋಡಿದೆ. ಇದು ಹೊಸದಲ್ಲ. ಕಾಲಿನ ರಬ್ಬರು ಸವೆದು ಚಪ್ಪಟೆಯಾಗಿದೆ, ಬಣ್ಣ ಎರಡು ಕಡೆ ಎದ್ದಿದೆ, ಎಡಗಾಲಿಗೆ ತಗಡು ಬೆಸೆದಿದೆ. ಬೋಲ್ಟುಗಳು ಅಲ್ಲಾಡದಿರಲಿ ಅಂತ ಒಂದು ಹಳೆಯ ಟವೆಲ್ ತುರುಕಿದ್ದೀಯ, ಅದರ ವಾಸನೆಗೆ ನಿನ್ನ ಭಾವ ಕಿಟಕಿ ತೆರೆದರು. ಆ ದಪ್ಪ ಗಿರಾಕಿ ಬೇಡ ಅಂತ ವಾಪಸ್ಸು ಕೊಟ್ಟದ್ದನ್ನು ಅಕ್ಕನ ತಲೆಗೆ ಕಟ್ಟಿದೆಯಾ? ಹೊಸದು ಕಳಿಸು ಅಂತ ನಾನು ಕೇಳಿರಲಿಲ್ಲ. ಹಳೆಯದು ಕಳಿಸುತ್ತೇನೆ ಅಂತ ನೀನೂ ಹೇಳಿರಲಿಲ್ಲ. ಇಷ್ಟು ದಿನ ದಪ್ಪಗಿರುವವರಿಗೆ ಯಾವುದು ಸಿಕ್ಕರೂ ನಡೆಯುತ್ತದೆ ಅಂತ ಬೇರೆಯವರು ಅಂದುಕೊಳ್ಳುತ್ತಿದ್ದರು. ನೀನೂ ಅಂದುಕೊಂಡೆಯಲ್ಲ, ಅದಕ್ಕೆ ಬೇಜಾರು.

ಅಕ್ಕ


ಮಾರ್ಚ್ 6

ಅಕ್ಕ,

ಅದು ಒಳ್ಳೆಯ ಯಂತ್ರ. ಅದಕ್ಕಿಂತ ಗಟ್ಟಿಯಾದದ್ದು ನನ್ನ ಅಂಗಡಿಯಲ್ಲಿ ಇಲ್ಲ. ಬೆಸೆದ ಕಾಲು ಬೆಸೆಯದ ಕಾಲಿಗಿಂತ ಗಟ್ಟಿ.

ಆ ಗಿರಾಕಿ ಇನ್ನು ಸೈಕಲ್ ಹತ್ತುವುದಿಲ್ಲ ಅಂದ. ಅವನ ಕೈಲಿ ಆಗುವುದಿಲ್ಲ. ಯಾರಿಗಾದರೂ ಉಪಯೋಗವಾಗಲಿ ಅಂತ ಕೊಟ್ಟ. ಅವನ ವಿಷಯ ಬಿಡು.

ತಮ್ಮ


ಮಾರ್ಚ್ 22

ನನ್ನ ಕಡ್ಡಿಗೆ,

ಇದು ನಾಲ್ಕನೆಯ ಸಲ ಬರೆಯುತ್ತಿರುವುದು. ಮೊದಲಿನ ಮೂರನ್ನೂ ಹರಿದು ಹಾಕಿದೆ. ಒಂದರಲ್ಲಿ ಬರೀ ಅಳು, ಎರಡರಲ್ಲಿ ಬರೀ ಬೈಗುಳ.

ಟ್ರೈನರ್ ಗಾಜಿನ ಹಿಂದೆಯೇ ಇದೆ. ದಿನಾ ಸಂಜೆ ತುಳಿಯುತ್ತಿದ್ದೇನೆ. ಮೊದಲ ವಾರ ಜನ ನಿಂತು ನಗುತ್ತಿದ್ದರು, ನೀನು ಹೇಳಿದ್ದು ನಿಜ. ಎರಡನೆಯ ವಾರ ನಿಲ್ಲುತ್ತಿದ್ದರು, ನಗುತ್ತಿರಲಿಲ್ಲ. ಈಗ ನಾನು ಕಾಣದಿದ್ದರೆ "ಯಾಕೆ, ಇವತ್ತು ರಜಾನಾ?" ಅಂತ ಒಳಗೆ ಬಂದು ಕೇಳುತ್ತಾರೆ. ಜನ ಅಷ್ಟೇ. ಅವರಿಗೆ ಬೇಸರ ಬರುವವರೆಗೆ ನಾವು ತುಳಿಯುತ್ತಿರಬೇಕು.

ಹಾಗೆ ತುಳಿಯುವಾಗ ನಿನ್ನ ಆ ಗಿರಾಕಿಯ ಬಗ್ಗೆ ಯೋಚನೆ ಬಂತು. ತೊಡೆ ಹೊಟ್ಟೆಗೆ ಬಡಿಯುವುದು, ಅಂಗೈ ಜೋಮು, ಮಂಡಿಯ ನೋವು, ಎಲ್ಲ ಅವನು ಹೇಳಿದ ಹಾಗೆಯೇ ಆಯಿತು. ಒಂದೂ ತಪ್ಪಲಿಲ್ಲ. ಆಗ ಹೊಳೆಯಿತು. ದಪ್ಪಗಿರುವ ಗಿರಾಕಿಗಳು ಬಾಯಿ ಬಿಡುವುದಿಲ್ಲ, ಎಲ್ಲಿ ನೋಯುತ್ತದೆ ಅಂತಲೂ ಹೇಳುವುದಿಲ್ಲ ಅಂತ ನೀನೇ ಬರೆದಿದ್ದೆ. ಹಾಗಾದರೆ ಎದೆ ಬಡಿತ ಕೇಳಿ ಭಯವಾಯಿತು ಅಂತ ನಿನ್ನ ಹತ್ತಿರ ಹೇಳಿದವನು ಯಾರು? ಗೋದಾಮಿನಂಥ ಕೋಣೆಯಲ್ಲಿ ಅವನ ಜೊತೆ ಯಾರಿದ್ದರು?

ನಿನ್ನೆ ಆ ಟವೆಲ್ ಒಗೆದೆ. ಕೊಳೆ ಹೋದ ಮೇಲೆ ಅಂಚಿನ ಹಸಿರು ಪಟ್ಟೆ ಕಾಣಿಸಿತು. ನೀನು ಅಂಗಡಿ ಶುರು ಮಾಡಿದಾಗ ಕೈ ಒರೆಸಿಕೊಳ್ಳಲಿ ಅಂತ ಒಂದು ಕಟ್ಟು ಟವೆಲ್ ತಂದುಕೊಟ್ಟವಳು ನಾನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಹೆಗಲು ಮುಟ್ಟಿಕೊಳ್ಳುವುದೇನು, ಕುಂಬಳಕಾಯಿಯನ್ನೇ ಲಾರಿಗೆ ಹಾಕಿ ಕಳಿಸಿದ್ದೀಯ.

ನೀನು ಕಳಿಸಿದ್ದು ಗಿರಾಕಿಯ ಯಂತ್ರ ಅಲ್ಲ. ನಿನ್ನದು. ಅದನ್ನು ಹಳೆಯದು ಅಂತ ಬೈದೆನಲ್ಲ, ಆ ಪತ್ರವನ್ನು ಒಲೆಗೆ ಹಾಕು.

ಮೂರು ವರ್ಷದಿಂದ ನೀನು ಬಾರದಿರುವುದಕ್ಕೆ ಅಂಗಡಿ ಕಾರಣ ಅಂತ ನಂಬಿಕೊಂಡು ಕೂತಿದ್ದೆ. ದುಡ್ಡಿನ ಸೊಕ್ಕು ಬಂದಿದೆ ಅಂತಲೂ ಅಂದುಕೊಂಡೆ. ಯಾರಿಗೆ ಹೆದರಿದೆಯೋ? ಸಂಘದವರಿಗಾ? ಸರಿ, ಅವರು ನಿನ್ನನ್ನು ಹೆಗಲ ಮೇಲೆ ಹೊತ್ತು ಕುಣಿದವರು, ಅವರ ಮುಂದೆ ನಾಚಿಕೆ ಅಂತ ಇಟ್ಟುಕೋ. ಆದರೆ ನನಗೂ ಮುಖ ತೋರಿಸಲಿಲ್ಲ ನೀನು! ಹುಟ್ಟಿದಾಗಿನಿಂದ ದಪ್ಪಗಿರುವ ನಿನ್ನ ಅಕ್ಕ ನಿನ್ನನ್ನು ನೋಡಿ ನಗುತ್ತಾಳೆ ಅಂದುಕೊಂಡೆಯಾ? ನನಗೆ ಸಿಟ್ಟು ಬಂದಿರುವುದು ಅದಕ್ಕೆ. ಶಾಲೆಯಲ್ಲಿ ನನ್ನನ್ನು ಡ್ರಮ್ಮು ಅಂದವನಿಗೆ ಕಲ್ಲು ಹೊಡೆದು ಪೆಟ್ಟು ತಿಂದ ಹುಡುಗ ನೀನು. ನನ್ನ ಮೈ ನಿನಗೆ ಯಾವತ್ತೂ ನಾಚಿಕೆ ಅನಿಸಲಿಲ್ಲ. ನಿನ್ನ ಮೈ ಮಾತ್ರ ಏಕೋ?

ಕೈಲಿ ಆಗುವುದಿಲ್ಲ ಅಂದನಂತೆ ಆ ಗಿರಾಕಿ. ಅವನಿಗೆ ಹೇಳು: ಸೋತವನು ಕೊಟ್ಟ ಯಂತ್ರ ನನಗೆ ಬೇಡ. ಪರೀಕ್ಷೆ ಮುಗಿಯುವವರೆಗೆ ಸಾಲ ಅಂತ ಇಟ್ಟುಕೊಂಡಿರುತ್ತೇನೆ. ಆಮೇಲೆ ಅವನೇ ಬಂದು ತೆಗೆದುಕೊಂಡು ಹೋಗಲಿ. ಬಂದು, ಒಂದು ಗಂಟೆ ತುಳಿದು.

ಅಕ್ಕ


ಏಪ್ರಿಲ್ 13

ಕಡ್ಡಿ,

ನಿನ್ನಿಂದ ಉತ್ತರ ಇಲ್ಲ. ಇರಲಿ. ನಿನ್ನ ಮನೆಗೆ ಫೋನ್ ಮಾಡಿದರೆ ನಿನ್ನ ಹೆಂಡತಿ "ಹೂಂ ಅಕ್ಕ, ಹೂಂ ಅಕ್ಕ" ಅಂದಳು, ಒಂದು ಸಲ ಮೂಗು ಎಳೆದುಕೊಂಡಳು. ಹೆಚ್ಚು ಕೇಳಲಿಲ್ಲ ನಾನು.

ನಿನ್ನೆ ಪರೀಕ್ಷೆ ಆಯಿತು. ಯಂತ್ರವನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ನಡುಬೀದಿಯಲ್ಲೇ ಹೋದೆವು. ನಿನ್ನ ಭಾವ ಮುಂದೆ ಎಳೆದರು, ನಾನು ಹಿಂದೆ ತಳ್ಳಿದೆ. ಸಮಿತಿಯವರು ಐದು ಜನ ಮೇಜು ಹಾಕಿಕೊಂಡು ಮದುವೆಗೆ ಹೆಣ್ಣು ನೋಡಲು ಬಂದವರ ಹಾಗೆ ಕೂತಿದ್ದರು. ಕಾರ್ಯದರ್ಶಿಗಳು ಯಂತ್ರದ ಸುತ್ತ ಎರಡು ಸಲ ಬಂದು ಬೆಸೆದ ಕಾಲನ್ನು ಬಗ್ಗಿ ನೋಡಿ, "ಇದು ತಡ್ಕೊಳ್ಳುತ್ತಾ ಮೇಡಂ?" ಅಂದರು. "ಬೆಸೆದ ಕಾಲು ಬೆಸೆಯದ ಕಾಲಿಗಿಂತ ಗಟ್ಟಿ ಡಾಕ್ಟ್ರೇ. ನನ್ನ ಮಂಡೀನ ಕೇಳಿ" ಅಂದೆ.

ಹತ್ತಿದೆ. ಹ್ಯಾಂಡಲ್ ಎತ್ತರಿಸಿದ್ದೆ. ಎದ್ದು ನಿಲ್ಲಲಿಲ್ಲ. ಆಗಾಗ ಕೈ ಒದರಿದೆ. ಅರ್ಧ ಗಂಟೆಗೆ ಎದೆ ಡಬಡಬ ಅನ್ನತೊಡಗಿತು. ಹಾಲಿನಲ್ಲಿ ಬೇರೆ ಸದ್ದಿಲ್ಲ, ಎಲ್ಲರೂ ನನ್ನ ಹೊಟ್ಟೆ ನೋಡುತ್ತಿದ್ದರು. ಬಿಟ್ಟುಬಿಡೋಣ ಅನಿಸಿತು ಕಣೋ, ನಿಜ ಹೇಳುತ್ತೇನೆ. ಆಗ ನೀನು ನೆನಪಾದೆ. ಬಾಗಿಲು ಹಾಕಿಕೊಂಡು, ಇದೇ ಸದ್ದು ಕೇಳಿಕೊಂಡು, ಯಾರಿಗೂ ಹೇಳದೆ ಎಷ್ಟು ಸಂಜೆ ತುಳಿದಿರಬೇಕು ನನ್ನ ತಮ್ಮ ಅನಿಸಿ ಇನ್ನೂ ಜೋರಾಗಿ ತುಳಿದೆ. ಕಣ್ಣಲ್ಲಿ ನೀರು ಬಂತು. ಬೆವರು ಅಂದುಕೊಂಡಿರುತ್ತಾರೆ ಬಿಡು.

ಗಂಟೆ ಮುಗಿಯಿತು. ನಾನು ಇಳಿಯಲಿಲ್ಲ, ಇನ್ನೂ ಸ್ವಲ್ಪ ಹೊತ್ತು ತುಳಿದೆ, ಅವರ ಗಡಿಯಾರದ ಮೇಲೆ ನನಗೆ ನಂಬಿಕೆ ಇಲ್ಲ ಅಂತ. ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು, "ಅಲ್ಲ ಮೇಡಂ, ಇದು ನಿಮ್ಮ ಮಿಷನ್ನು, ನಮ್ದಕ್ಕಿಂತ ಹಗುರ ತಿರುಗ್ಬಹುದಲ್ವಾ?" ಅಂದರು. "ಹತ್ತಿ ನೋಡಿ" ಅಂದೆ. ಹತ್ತಿದರು. ನನ್ನ ಗೇರಿನಲ್ಲೇ ತುಳಿಯಬೇಕು ಅಂದೆ. ಐದು ನಿಮಿಷಕ್ಕೆ ಹಲ್ಲು ಕಚ್ಚಿದರು, ಹತ್ತು ನಿಮಿಷಕ್ಕೆ ಇಳಿದರು, ಇಳಿದು ಗೋಡೆ ಹಿಡಿದುಕೊಂಡು ನಿಂತರು.

ನಾನು ಗುಡ್ಡ ಹತ್ತುತ್ತೇನೆ. ನೀರು ಬೇರೆಯವರು ಹಂಚಲಿ.

ಹೊರಡುವಾಗ ಬಾಗಿಲ ಹತ್ತಿರ ನಿಂತಿದ್ದ ಬ್ರೆಡ್ ಅಂಗಡಿಯವನು, ಅವನೂ ನಮ್ಮ ಜಾತಿಯವನೇ, ದಪ್ಪ ಜಾತಿ, ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ: "ಅಕ್ಕಾರೇ, ಇದರ ಮೇಲೆ ನಾನೂ ಒಂದ್ಸಲ ಕೂರಬೋದಾ?" ಅದಕ್ಕೇ ಯಂತ್ರವನ್ನು ಸಂಘದ ಹಾಲಿನಲ್ಲೇ ಬಿಟ್ಟು ಬಂದಿದ್ದೇನೆ. ಸಂಘದ ಟ್ರೈನರ್ ಪಕ್ಕದಲ್ಲೇ ಇದೆ. ನಮ್ಮದರ ಮೇಲೆ ಯಾವ ಚೀಟಿಯೂ ಇಲ್ಲ.

ಬಾಕಿ ಉಳಿದವರಿಗೆ ಕೊನೆಯ ಪರೀಕ್ಷೆ ಈ ತಿಂಗಳ ಕೊನೆಯ ಭಾನುವಾರ. ನಿನ್ನ ಹೆಸರು ಬರೆಸಿದ್ದೇನೆ. ಬರೆದುಕೊಳ್ಳುವಾಗ "ತೂಕ ಎಷ್ಟು?" ಅಂದರು. ಅದನ್ನು ಅವನೇ ಹೇಳುತ್ತಾನೆ ಅಂದೆ.

ಅಕ್ಕ


ಏಪ್ರಿಲ್ 20

ಅಕ್ಕ,

ನೂರ ನಲವತ್ತಮೂರು.

ನಿನ್ನ ತೂಕಕ್ಕೆ ನಾನು ಸೇರಿಸಿದ ಆ ಹದಿನೈದು ಕೆಜಿ ಇದೆಯಲ್ಲ, ಅದು ನನ್ನದು. ಅಂಥ ಪದ್ಧತಿ ನಮ್ಮ ಅಂಗಡಿಯಲ್ಲಿ ಯಾವತ್ತೂ ಇರಲಿಲ್ಲ. ನೀನು ಮೊದಲ ಸಾಲಿನಲ್ಲೇ ನಿನ್ನ ತೂಕ ಬರೆದದ್ದು ನೋಡಿ ನಾನೂ ಬರೆಯಬೇಕು ಅನಿಸಿತು. ಬರೆಯಲು ಧೈರ್ಯ ಬರಲಿಲ್ಲ. ನಿನ್ನ ಹೆಸರಿನಲ್ಲಿ ಬರೆದೆ.

ನಿನ್ನ ಮಾರ್ಚ್ ತಿಂಗಳ ಪತ್ರ ಓದಿ ಅಂಗಡಿ ಬಾಗಿಲು ಹಾಕಿ ಕೂತೆ. ನಿಜಕ್ಕೂ ಒಬ್ಬ ಗಿರಾಕಿ ಬಂದು ಬಾಗಿಲು ಬಡಿದು ಹೋದ. ಉತ್ತರ ಬರೆಯಲು ಆಗುತ್ತಿರಲಿಲ್ಲ ಅಂತಲ್ಲ ಅಕ್ಕ. ನೀನು ಪರೀಕ್ಷೆಯಲ್ಲಿ ಸೋತರೆ ನಾನು ಬಾರದಿದ್ದರೂ ಆಯಿತು ಅಂತ ಕಾಯುತ್ತಿದ್ದೆ. ಅಂಥ ತಮ್ಮ ನಾನು. ನೀನು ಸೋಲಲಿಲ್ಲ.

ಕೊನೆಯ ಭಾನುವಾರದ ಹಿಂದಿನ ದಿನ ಸಂಜೆಯ ರೈಲಿಗೆ ಬರುತ್ತೇನೆ. ಯಂತ್ರದ ಬಲಗಾಲಿಗೂ ಒಂದು ತಗಡು ಕತ್ತರಿಸಿ ತರುತ್ತಿದ್ದೇನೆ, ಬೆಸೆದರೆ ಬ್ರೆಡ್ ಅಂಗಡಿಯವನಿಗೂ ಆಗುತ್ತದೆ. ಪರೀಕ್ಷೆಯಲ್ಲಿ ಗೆಲ್ಲುತ್ತೇನೋ ಇಲ್ಲವೋ ಗೊತ್ತಿಲ್ಲ. ಗೆದ್ದರೆ ಗುಡ್ಡದಲ್ಲಿ ನಿನ್ನ ಹಿಂದೆಯೇ ಬರುವವನು. ಕೊನೆಯ ಜಾಗ ಈ ಸಲ ನಿನ್ನದಲ್ಲ.

ಸ್ಟೇಷನ್ನಿಗೆ ಬಾ. ಬಂದವಳು ಹಳೆಯ ತಮ್ಮನನ್ನು ಹುಡುಕುತ್ತಾ ನಿಲ್ಲಬೇಡ. ರೈಲಿನಿಂದ ಎಲ್ಲರಿಗಿಂತ ನಿಧಾನವಾಗಿ ಇಳಿಯುವವನು, ಎಲ್ಲರಿಗಿಂತ ದಪ್ಪಗಿರುವವನು ನಾನು. ನೀನು ಕಾಣಿಸಿದ ಕೂಡಲೇ ಕೈ ಎತ್ತುತ್ತೇನೆ.

ಕಡ್ಡಿ